ಏಡಿಗಳ ಏಕಾದಶಿ

ನಮ್ಮತ್ತೆಗೆ ಮನುಷ್ಯರ ಮುಖ ನೆನಪಿರುವುದಿಲ್ಲ; ಏಡಿಗಳದಾದರೆ ಒಂದೂ ಮರೆಯುವುದಿಲ್ಲ! ಬಾಯಿಗೆ ಬಂದಂತೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಮೇಜು ಗುದ್ದಿದವಳು ನಾನು. ಆಧಾರವಿಲ್ಲದೆ ಆರೋಪ ಹೊರಿಸುವ ಅಭ್ಯಾಸವಿಲ್ಲ. ಮದರಾಸಿನ ಪುರಸೈವಾಕ್ಕಂನ ಒಂದು ಅಂಗಡಿಯ ಬಾಗಿಲಲ್ಲಿ ನನಗೆ ಎದುರಾದ ಅತ್ತೆ, ಅರೆಗಳಿಗೆ ದಿಟ್ಟಿಸಿ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ?" ಎಂದು ಕೇಳಿದರು. ಎಲ್ಲಿ ನೋಡಿರಬಹುದು? ಅದೇ ಬೆಳಿಗ್ಗೆ ನನ್ನ ಪಕ್ಕದ ಮಣೆಯಲ್ಲಿ ಕೂತು ಇಡ್ಲಿ ತಿಂದಿದ್ದರು! ಅದಕ್ಕೂ ಹಿಂದೆ ಹತ್ತೊಂಬತ್ತು ವರ್ಷ ಅದೇ ತ್ರಿಪ್ಲಿಕೇನ್ ಮನೆಯಲ್ಲಿ ನನ್ನನ್ನು ಆಗಾಗ ಕಂಡಿದ್ದರು. ಇದೇ ಅತ್ತೆ ಮೆಟ್ಟಿಲ ಕೆಳಗಿನ ಟಬ್ಬಿನಲ್ಲಿ ಒಂದರ ಬೆನ್ನ ಮೇಲೊಂದು ಹತ್ತಿ ಕೂತ ಇಪ್ಪತ್ತು ಏಡಿಗಳ ಕಡೆ ಸುಮ್ಮನೆ ಕಣ್ಣು ಹಾಯಿಸಿ, "ಹದಿನಾಲ್ಕು ಯಾಕೋ ಮಂಕಾಗಿದಾನೆ, ಏಳರ ಜೊತೆ ಜಗಳ ಆಡಿರ್ಬೇಕು" ಎನ್ನುತ್ತಿದ್ದರು. ತೀರ್ಪು ನೀವೇ ಕೊಡಿ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆಯಾಗಿಲ್ಲ. ಜೀವರಸಾಯನ ವಿಜ್ಞಾನಿ. ಗಿಂಡಿಯ ಆಚೆ ಒಂದು ಸಂಶೋಧನಾ ಸಂಸ್ಥೆಯಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳ ಮೇಲೆ ಕೆಲಸ. "ಬೆನ್ನೆಲುಬಿಲ್ಲದ್ದೇ ಬೇಕು ಅಂದಿದ್ರೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು, ನಮ್ಮ ಆಫೀಸಿಗೇ ಬರಬಹುದಿತ್ತಲ್ಲ" ಎಂದು ರೈಲ್ವೆಯಲ್ಲಿದ್ದ ಅಪ್ಪ ಹೇಳುತ್ತಿದ್ದರು.

ಈಕೆಯ ಜೀವನಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ ಇಸವಿಗಳ ಗೊಡವೆಗೆ ಹೋಗಬಾರದು. ಪ್ರಾಣಿಗಳ ಪ್ರಕಾರ ಭಾಗ ಮಾಡಬೇಕು. ಎಪ್ಪತ್ತರ ದಶಕದ ಮೊದಲರ್ಧ ಜಿರಳೆ ಯುಗ. ನಡುವೆ ಒಂದಷ್ಟು ಕಾಲ ಬಸವನಹುಳುವಿನ ಯುಗ, ನಿಧಾನವಾಗಿ ಸಾಗಿತು. ಆಮೇಲೆ ಶುರುವಾದದ್ದು ಏಡಿ ಯುಗ. ಅದು ಅಡ್ಡಡ್ಡ ನಡೆಯುತ್ತಾ ಒಂದು ದಿನ ನಮ್ಮ ಮನೆಯೊಳಕ್ಕೇ ಬಂತು.

ಜಿರಳೆ ಯುಗದಲ್ಲಿ ಅತ್ತೆಯನ್ನು ನೋಡಲು ಒಂದು ಗಂಡಿನ ಕಡೆಯವರು ಬಂದಿದ್ದರು. ನಾನಾಗ ಎರಡನೇ ಕ್ಲಾಸು. ಬಾಗಿಲ ಸಂದಿಯಿಂದ ಎಲ್ಲವನ್ನೂ ಕಂಡಿದ್ದೇನೆ, ಆದ್ದರಿಂದ ಇದು ಪ್ರತ್ಯಕ್ಷ ಸಾಕ್ಷ್ಯ. ಹುಡುಗ ಬ್ಯಾಂಕಿನಲ್ಲಿದ್ದ. ಹುಡುಗನ ತಂದೆ ಕೇಸರಿಬಾತು ಮುಗಿಸಿ, ಮೀಸೆ ಒರೆಸಿಕೊಂಡು ಕೇಳಿದರು:

"ಹಾಡು ಬರುತ್ತೇನಮ್ಮ?"

"ಇಲ್ಲ."

"ಮತ್ತೇನು ಬರುತ್ತೆ?"

ಅತ್ತೆ ಪ್ರಾಮಾಣಿಕರು. ತಮಗೆ ಏನು ಬರುತ್ತಿತ್ತೋ ಅದನ್ನೇ ಹೇಳಿದರು. "ಜಿರಳೆ ತಲೆ ತೆಗೆಯೋಕೆ ಬರುತ್ತೆ. ತೆಗೆದ ಮೇಲೂ ಎಷ್ಟೋ ದಿನ ಬದುಕಿರುತ್ತೆ. ತಲೆ ಇಲ್ಲ ಅನ್ನೋದು ಅದಕ್ಕೆ ಅಷ್ಟು ಬೇಗ ಗೊತ್ತಾಗೋದೇ ಇಲ್ಲ."

ಹುಡುಗನ ತಂದೆ ಒಮ್ಮೆ ತಮ್ಮ ಮಗನ ಕಡೆ ನೋಡಿದರು. ಯಾಕೆ ನೋಡಿದರೋ ಅವರಿಗೇ ಗೊತ್ತು! ಜಾತಕ ಕೂಡಿಬರಲಿಲ್ಲವೆಂದು ಮೂರನೇ ದಿನ ಕಾರ್ಡು ಬಂತು.

ಏಡಿ ಯುಗದಲ್ಲಿ ನಮ್ಮಮ್ಮನಿಗೆ ಮತ್ತೊಮ್ಮೆ ಆಸೆ ಚಿಗುರಿದ್ದುಂಟು. ಪೌಡರನ್ನೂ ಮುಟ್ಟದ ಅತ್ತೆ, ನಾನು ಹೇಳಿದ ಆ ಪುರಸೈವಾಕ್ಕಂ ಅಂಗಡಿಯಿಂದ ಕೆಂಪು ನೈಲ್ ಪಾಲಿಶ್ ಕೊಂಡು ತಂದರು. ಅಮ್ಮ ನನ್ನನ್ನು ಮೂಲೆಗೆ ಕರೆದು, "ಯಾರೋ ಇದಾರೆ ಕಣೇ, ನೀನು ಬಾಯಿ ಹಾಕಿ ಕೆಡಿಸ್ಬೇಡ" ಎಂದು ಪಿಸುಗುಟ್ಟಿದರು. ಇದ್ದರು, ನಿಜ. ಇಪ್ಪತ್ತು ಜನ ಇದ್ದರು! ಅಂದು ಸಂಜೆ ಅತ್ತೆ ಒಬ್ಬೊಬ್ಬರನ್ನೇ ಎಡಗೈಯಲ್ಲಿ ಹಿಡಿದು, ಚಿಪ್ಪಿನ ಮೇಲೆ ಒಂದರಿಂದ ಇಪ್ಪತ್ತರವರೆಗೆ ಕೆಂಪು ಅಂಕೆ ಬರೆದು, ಒಣಗಲೆಂದು ಊದುತ್ತಾ ಕೂತಿದ್ದರು. ಅಮ್ಮ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಅತ್ತೆಗೆ ಅದು ತಿಳಿಯಲೂ ಇಲ್ಲ.

ಇನ್ನು ಕೊಳ್ಳುವ ವೈಭವ! ಈರುಳ್ಳಿಗೂ ಒಳಗೆ ಪ್ರವೇಶವಿಲ್ಲದ ಮಾಧ್ವರ ಮನೆಯ ಹೆಣ್ಣುಮಗಳು ಬೆಳಿಗ್ಗೆ ಬೆಳಿಗ್ಗೆ ಮೀನು ಮಾರ್ಕೆಟ್ಟಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏಡಿ ಆರಿಸುತ್ತಿದ್ದರೆ ಹೇಗಿರುತ್ತದೆ? ಒಮ್ಮೆ ನಾನೂ ಜೊತೆಗಿದ್ದೆ. ರೆಡ್‌ಹಿಲ್ಸ್ ಕಡೆಯಿಂದ ಗದ್ದೆ ಏಡಿ ತರುವ ಹೆಂಗಸಿನ ಬುಟ್ಟಿಗೆ ಕೈಹಾಕಿ ಅತ್ತೆ, ಇದು ಹೆಣ್ಣು ಬೇಡ, ಇದು ಈಚೆಗಷ್ಟೇ ಚಿಪ್ಪು ಕಳಚಿದೆ ಬೇಡ, ಇದಕ್ಕೆ ಕಾಲು ಕಮ್ಮಿ ಎಂದು ತಮಿಳಿನಲ್ಲಿ ಒಂದೊಂದನ್ನೇ ತಿರಸ್ಕರಿಸುತ್ತಿದ್ದರು. ಆಕೆ ಸೊಂಟಕ್ಕೆ ಕೈಯಿಟ್ಟು ಕೇಳಿಯೇಬಿಟ್ಟಳು: "ಏಮ್ಮಾ, ನೀ ನಂಡು ವಾಂಗ ವಂದಿಯಾ, ಮಾಪ್ಪಿಳ್ಳೆ ಪಾಕ್ಕ ವಂದಿಯಾ?" ಏಡಿ ಕೊಳ್ಳೋಕೆ ಬಂದಿಯೋ, ಗಂಡು ನೋಡೋಕೆ ಬಂದಿಯೋ! ಅತ್ತೆ ತಲೆಯೆತ್ತದೆ ಉತ್ತರಿಸಿದರು: "ಆಂಬಿಳೆ ದಾನ್ ವೇಣುಂ. ಇರುವದು ಪೇರ್." ಗಂಡೇ ಬೇಕು, ಇಪ್ಪತ್ತು ಜನ. ಅಕ್ಕಪಕ್ಕದ ಬುಟ್ಟಿಗಳವರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆಯ ಮುಖದಲ್ಲಿ ಮಾತ್ರ ಲೆಕ್ಕ ತಪ್ಪಬಾರದೆಂಬ ಗಾಂಭೀರ್ಯ.

ಇಷ್ಟೆಲ್ಲ ಯಾಕೆ ಬೇಕಿತ್ತು ಎಂದರೆ ನ್ಯೂರೋಪೆಪ್ಟೈಡು. ಹೆಸರು ಕೇಳಿ ಹೆದರಬೇಡಿ, ನಾನೂ ಮೊದಲು ಹೆದರಿದ್ದೆ. ನರಗಳೇ ತಯಾರಿಸಿ ರಕ್ತಕ್ಕೆ ಬಿಡುವ ಪುಟ್ಟ ಪ್ರೋಟೀನ್ ತುಣುಕು ಅದು. ದೇಹದ ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗುವ ಅಂಚೆ ಕಾರ್ಡು ಎಂದುಕೊಳ್ಳಿ. ಏಡಿಯ ಕಣ್ಣು ನಮ್ಮ ಹಾಗೆ ಗುಳಿಯಲ್ಲಿ ಕೂತಿರುವುದಿಲ್ಲ, ಒಂದು ಕಡ್ಡಿಯ ತುದಿಯಲ್ಲಿ ನಿಂತಿರುತ್ತದೆ. ಆ ಕಡ್ಡಿಯೊಳಗೆ ಸಾಸಿವೆಗಿಂತ ಚಿಕ್ಕ ಗ್ರಂಥಿಯಿದೆ. ಅಲ್ಲಿಂದ ಕಾರ್ಡು ಹೋದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇದನ್ನು ಅತ್ತೆ ನಮ್ಮಜ್ಜಿಗೆ, ಅಂದರೆ ತಮ್ಮ ತಾಯಿಗೆ, ವಿವರಿಸಲು ಹೋಗಿ ಕೊನೆಗೆ ಸೋತು, "ಏಡಿಗಳ ಕಣ್ಣಿನ ವಿಷಯ ನೋಡ್ತೀನಮ್ಮ" ಎಂದಿದ್ದರು. ಅಂದಿನಿಂದ ಅಜ್ಜಿ ಬಂದವರಿಗೆಲ್ಲ "ನನ್ನ ಮಗಳು ಏಡಿಗಳ ಕಣ್ಣು ಡಾಕ್ಟರು" ಎಂದು ಪರಿಚಯಿಸುತ್ತಿದ್ದರು. "ಪಾಪ, ಅವಕ್ಕೂ ಯಾರಾದ್ರೂ ಬೇಕಲ್ಲ."

ಇಂಥ ಕೆಲಸದಲ್ಲಿ ಅತ್ತೆ ಹದಿನೈದು ವರ್ಷ ಕಳೆದಿದ್ದರು. ಪ್ರಬಂಧಗಳು ಹೊರಗೆ ಬರುತ್ತಿದ್ದವು, ವಿದೇಶದಿಂದ ಪ್ರತಿ ಬೇಕೆಂದು ಕಾರ್ಡುಗಳೂ ಬರುತ್ತಿದ್ದವು. ಆದರೆ ಪ್ರತಿಯೊಂದರ ಮೇಲೂ ಎರಡು ಹೆಸರು. ಮೊದಲನೆಯದು ಅವರ ಪ್ರೊಫೆಸರದು. "ಅವರು ಏಡಿ ಹಿಡೀತಾರೇನೇ?" ಎಂದು ಅಜ್ಜಿ ಕೇಳಿದ್ದಕ್ಕೆ, "ಇಲ್ಲಮ್ಮ, ಪೆನ್ನು ಹಿಡೀತಾರೆ" ಎಂದಿದ್ದರು ಅತ್ತೆ. ನಕ್ಕುಕೊಂಡೇ ಹೇಳಿದ್ದರು. ಆದರೆ ಒಮ್ಮೆ ನನ್ನ ಬಳಿ, ಯಾವುದೋ ಮಾತಿನ ನಡುವೆ, "ಒಂದೇ ಒಂದು ಸಲ ನನ್ನ ಹೆಸರು ಒಂದೇ ಅಚ್ಚಾಗ್ಬೇಕು ಕಣೇ. ಆಮೇಲೆ ಎರಡನೇದಾಗಿ ಹಾಕ್ಲಿ, ಇಪ್ಪತ್ತನೇದಾಗಿ ಹಾಕ್ಲಿ" ಎಂದು, ತಕ್ಷಣ ಏಡಿಗಳ ಕಡೆ ತಿರುಗಿಬಿಟ್ಟರು. ಅವರಿಗೆ ಇದ್ದ ಆಸೆ ಅದೊಂದೇ ಎಂದು ನನಗೆ ಗೊತ್ತಾದದ್ದು ಆಗ.

ಆ ಅವಕಾಶ ಬಂದದ್ದು ಚಾವಣಿಯ ಕೃಪೆಯಿಂದ. ಸಂಸ್ಥೆಯಲ್ಲಿ ಪ್ರಾಣಿಗಳನ್ನಿಡುವ ಕೋಣೆಯ ಚಾವಣಿ ರಿಪೇರಿಗೆ ಬಂತು. ಪ್ರೊಫೆಸರು ಕೆಲಸ ನಿಲ್ಲಿಸಿ ಎಂದರು. ಅತ್ತೆ ನಿಲ್ಲಿಸಲಿಲ್ಲ, ಎರಡು ಟಬ್ಬುಗಳನ್ನು ಆಟೋದಲ್ಲಿಟ್ಟುಕೊಂಡು ಮನೆಗೆ ಬಂದರು. "ಒಂದೂವರೆ ತಿಂಗಳು ಅಷ್ಟೇ ಅಣ್ಣ" ಎಂದದ್ದು ಐದು ತಿಂಗಳಾಯಿತು.

ಅದೂ ಯಾವ ಐದು ತಿಂಗಳು? ಮದರಾಸಿನ ನಲ್ಲಿಗಳು ಗೊರಕೆ ಹೊಡೆಯುವುದನ್ನೂ ಮರೆತಿದ್ದ ಕಾಲ. ಲಾರಿ ನೀರು ಬಂದರೆ ಬೀದಿಯೆಲ್ಲ ಕೊಡಗಳ ಯುದ್ಧ. ಹಾಗೆ ಗೆದ್ದು ತಂದ ನೀರಿನಲ್ಲಿ ಎರಡು ಕೊಡ ಏಡಿಗಳಿಗೆ, ಅರ್ಧ ಬಕೆಟ್ಟು ಅಪ್ಪನಿಗೆ! "ಈ ಮನೇಲಿ ಸ್ನಾನ ಮಾಡ್ಬೇಕಾದ್ರೆ ಎಂಟು ಕಾಲಿರ್ಬೇಕು ಅಂತ ಕಾಣುತ್ತೆ" ಎಂದು ಅಪ್ಪ ಟವಲು ಹೆಗಲಿಗೆಸೆದು ಗೊಣಗಿದರು. ಅತ್ತೆ ಒಳಗಿಂದಲೇ ತಿದ್ದಿದರು: "ಹತ್ತು, ಅಣ್ಣ. ಕೊಂಡಿಗಳೂ ಲೆಕ್ಕಕ್ಕಿವೆ."

ಅತ್ತೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಏಡಿಗಳ ಕಾಲಿನ ಸಂದಿನಿಂದ ಒಂದೆರಡು ಹನಿ ರಕ್ತ ತೆಗೆದು, ಪುಟ್ಟ ಗಾಜಿನ ನಳಿಗೆಗಳಲ್ಲಿ ತುಂಬಿ, ಐಸು ಹಾಕಿದ ಫ್ಲಾಸ್ಕಿನಲ್ಲಿಟ್ಟು ಗಿಂಡಿಗೆ ಒಯ್ಯುತ್ತಿದ್ದರು. ಅಪ್ಪನ ಕಾಫಿ ಫ್ಲಾಸ್ಕೂ ಅದೇ ಬಣ್ಣದ್ದು. ಆಗಬೇಕಾದ್ದು ಒಂದು ದಿನ ಆಯಿತು. ಅಪ್ಪ ಆಫೀಸಿನಲ್ಲಿ ಮೇಲಧಿಕಾರಿಗೆ "ಮನೆ ಕಾಫಿ ಸಾರ್, ರುಚಿ ನೋಡಿ" ಎಂದು ಮುಚ್ಚಳ ತೆಗೆದರಂತೆ. ಮುಂದಿನದನ್ನು ಅಪ್ಪ ಇಂದಿಗೂ ಹೇಳಿಲ್ಲ. ಅತ್ತೆ ಸಂಜೆ ಬಂದವರೇ ನಮ್ಮಮ್ಮನ ಕೈಗೆ ಒಂದು ಚೀಟಿ ಕೊಟ್ಟರು: "ಅತ್ತಿಗೆ, ನಿಮ್ಮ ಕಾಫೀಲಿ ಸಕ್ಕರೆ ಎಷ್ಟಿದೆ ಅಂತ ಅಳೆದಿದೀನಿ. ಜಾಸ್ತಿ ಆಯ್ತು."

ಇಷ್ಟು ಹೊತ್ತು ತಮಾಷೆ. ಈಗ ವಿಜ್ಞಾನ.

ಅತ್ತೆಯ ಪ್ರಶ್ನೆ ಸರಳವಾಗಿತ್ತು: ಊಟವಿಲ್ಲದ ಏಡಿ ರಕ್ತದ ಸಕ್ಕರೆಯನ್ನು ಹೇಗೆ ನಿಭಾಯಿಸುತ್ತದೆ? ಇಪ್ಪತ್ತು ಏಡಿಗಳ ತಂಡವನ್ನು ಮೂರು ವಾರ ಉಪವಾಸ ಇಡುವುದು. ಗದ್ದೆ ಏಡಿಗೆ ಅದೇನೂ ಪ್ರಾಣಕ್ಕೆ ಸಂಚಕಾರವಲ್ಲವಂತೆ, ಬೇಸಿಗೆಯಲ್ಲಿ ಬಿಲ ಸೇರಿದರೆ ಅದಕ್ಕಿಂತ ಹೆಚ್ಚು ದಿನ ತಿನ್ನದೆ ಇರುತ್ತದೆ. ದಿನಾ ರಕ್ತ ನೋಡುವುದು, ತಂಡ ಮುಗಿದರೆ ಹೊಸ ತಂಡ. ಸಕ್ಕರೆ ಮೆಲ್ಲಗೆ ಇಳಿದು ಒಂದು ಮಟ್ಟದಲ್ಲಿ ನಿಲ್ಲಬೇಕು. ನಿಲ್ಲಲಿಲ್ಲ! ದಿನಾ ಬೆಳಿಗ್ಗೆ ಏರಿಯೇ ಇರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಮಾತ್ರ ದಢಕ್ಕನೆ ಇಳಿದು, ಮರುದಿನ ಹಿಂದೆಂದೂ ಇಲ್ಲದಷ್ಟು ಏರುತ್ತಿತ್ತು.

ಒಂದು ಸಂಜೆ ಅತ್ತೆ ನಕ್ಷೆ ಹಾಳೆಯನ್ನು ನನ್ನ ಮುಂದೆ ಹಾಸಿದರು. ಮೂರು ತಿಂಗಳ ಗೆರೆ. ಬೆಟ್ಟ, ಬೆಟ್ಟ, ಕಣಿವೆ, ಶಿಖರ. ಮತ್ತೆ ಬೆಟ್ಟ, ಬೆಟ್ಟ, ಕಣಿವೆ, ಶಿಖರ.

"ನೋಡು. ಹುಣ್ಣಿಮೆಯಿಂದಲೋ ಅಮಾವಾಸ್ಯೆಯಿಂದಲೋ ಎಣಿಸಿದ್ರೆ ಹನ್ನೊಂದು ಹನ್ನೆರಡನೇ ದಿನದ ಆಸುಪಾಸು ಬೀಳತ್ತೆ. ಪ್ರತಿ ಸಲ! ಸಮುದ್ರದ ಏಡಿಗಳು ಚಂದ್ರನ ಲೆಕ್ಕ ಹಿಡಿಯೋದು ಹೊಸದಲ್ಲ. ಗದ್ದೆ ಏಡೀಲಿ ಕಂಡದ್ದು ಬಹುಶಃ ನಾನೇ ಮೊದ್ಲು."

"ಅತ್ತೆ," ಎಂದೆ ನಾನು, ಗಂಟಲು ಸರಿಮಾಡಿಕೊಂಡು, "ಅವು ಇರೋದು ಮೆಟ್ಟಿಲ ಕೆಳಗೆ. ಅಲ್ಲಿಗೆ ಚಂದ್ರ ಬರೋದಿರಲಿ, ಕರೆಂಟೇ ಸರಿಯಾಗಿ ಬರಲ್ಲ."

"ನೋಡ್ಬೇಕಾಗಿಲ್ಲ. ಒಳಗೇ ಗಡಿಯಾರ ಇರುತ್ತೆ."

"ಹನ್ನೊಂದನೇ ದಿನ ಚಂದ್ರ ಅಂಥದ್ದೇನು ಮಾಡ್ತಾನೆ?"

"ಅದನ್ನೇ ಕಂಡುಹಿಡೀಬೇಕು. ಒಂದು ಹೊಸ ಪೆಪ್ಟೈಡ್ ಇರ್ಬೇಕು."

"ಹನ್ನೊಂದನೇ ದಿನ ಅಂದ್ರೆ ಏಕಾದಶಿ, ಗೊತ್ತಾ ನಿಮಗೆ?"

ಅತ್ತೆ ನಕ್ಷೆಯ ಕಣಿವೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು. ಏಕಾದಶಿಯ ದಿನ ಉಪ್ಪಿಟ್ಟು ತಿಂದು, ಅನ್ನ ಯಾಕಿಲ್ಲ ಎಂದೂ ಕೇಳದೆ ಎದ್ದು ಹೋಗುವವರು ಅವರು. ಆಮೇಲೆ ಮೆಲ್ಲಗೆ, "ಹೌದಲ್ಲ... ಹಳಬರು ಏನೋ ಗಮನಿಸಿದ್ರೂ ಗಮನಿಸಿರ್ಬಹುದು" ಎಂದುಬಿಟ್ಟರು!

ನನಗಾದ ಆಘಾತ ಊಹಿಸಿಕೊಳ್ಳಿ. ಆ ಮನೆಯಲ್ಲಿ ಪ್ರಶ್ನೆ ಕೇಳುವವರ ಪಕ್ಷದಲ್ಲಿ ಇದ್ದದ್ದೇ ನಾವಿಬ್ಬರು. ಪಕ್ಷದ ಅಧ್ಯಕ್ಷರೇ ಪಕ್ಷಾಂತರ ಮಾಡಿದರೆ ಕಾರ್ಯಕರ್ತರ ಗತಿ? ಅಪ್ಪನಿಗಂತೂ ಹಬ್ಬ. ಊಟಕ್ಕೆ ಕೂತಾಗಲೆಲ್ಲ, "ಏಡಿಗಿರೋ ಬುದ್ಧಿ ನಮ್ಮ ಲಾಯರಮ್ಮನಿಗಿಲ್ಲ" ಎಂದು ನನ್ನನ್ನು ಕುಟುಕುವುದು. ಏಡಿಗಳು ಏಕಾದಶಿ ಮಾಡುತ್ತವೆ ಎಂಬ ಸುದ್ದಿಗೆ ಆಶ್ಚರ್ಯಪಡದವರು ಅಜ್ಜಿ ಒಬ್ಬರೇ. "ನಮ್ಮ ಮನೇಲಿದ್ಮೇಲೆ ಮಾಡದೆ ಏನು?" ಎಂದು ಸಾರು ಬಡಿಸಿಕೊಂಡು ಮುಂದೆ ಹೋದರು.

ಅತ್ತೆ ಪ್ರಬಂಧ ಬರೆದರು. ಏಡಿಗಳು ತಮ್ಮವು, ಟಬ್ಬು ತಮ್ಮದು, ಜಾಗ ಮೆಟ್ಟಿಲ ಕೆಳಗಿನದು. ಪ್ರೊಫೆಸರು ಈ ಚಂದ್ರನ ಕಥೆಗೆ ತಮ್ಮ ಹೆಸರು ಬೇಡವೆಂದರು. ಅಷ್ಟೇ ಸಾಕಾಗಿತ್ತು! ನಗರದಲ್ಲೇ ನಡೆಯಲಿದ್ದ ಶರೀರಕ್ರಿಯಾ ವಿಜ್ಞಾನಿಗಳ ಸಭೆಯಲ್ಲಿ ಓದಲು ಒಪ್ಪಿಗೆ ಸಿಕ್ಕಿತು. ಸಾರಾಂಶಗಳ ಪುಸ್ತಿಕೆ ಅಚ್ಚಾಗಿ ಮನೆಗೆ ಬಂತು. ಶೀರ್ಷಿಕೆಯ ಕೆಳಗೆ ಒಂದೇ ಹೆಸರು. ಅತ್ತೆ ಆ ಪುಟವನ್ನು ಅಜ್ಜಿಗೆ ತೋರಿಸಿದರು. ಇಂಗ್ಲಿಷ್ ಬಾರದ ಅಜ್ಜಿ ಆ ಒಂದು ಸಾಲಿನ ಮೇಲೆ ಬೆರಳಾಡಿಸಿ, ಪುಸ್ತಿಕೆಯನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದರು.

ನಾನು ಮಾತ್ರ ಒಪ್ಪಲಿಲ್ಲ. ಒಪ್ಪುವುದು ನನ್ನ ಜಾಯಮಾನದಲ್ಲೇ ಇಲ್ಲ, ಅದಕ್ಕೇನು ಮಾಡುವುದು?

ಸಭೆಗೆ ಇನ್ನು ಮೂರು ವಾರವಿತ್ತು. ಒಂದು ಮಂಗಳವಾರ ಬೆಳಿಗ್ಗೆ ಮಹಡಿಯ ಬಾಡಿಗೆಯ ಮಾಮಿ ಕೆಳಗಿಳಿದು ಬಂದವರು ಅಡುಗೆಮನೆಯ ಕಡೆ ಮೂಗು ಚಾಚಿ, "ಇನ್ನಿಕ್ಕು ಏಕಾದಶಿಯಾಚ್ಚೇ! ಉಂಗಾತ್ತಿಲೆ ಸಾಂಬಾರ್ ವಾಸನೆ ವರದೇ?" ಎಂದು ಆಶ್ಚರ್ಯಪಟ್ಟರು. ಏಕಾದಶಿಯ ದಿನ ನಿಮ್ಮ ಮನೆಯಲ್ಲಿ ಸಾಂಬಾರೇ ಎಂದು! ಅಜ್ಜಿ ಒಳಗಿಂದಲೇ ಕೂಗಿ ಹೇಳಿದರು: "ನಮಗೆ ನಾಳೈಕ್ಕು ಮಾಮಿ! ನಿಮಗೆ ಇವತ್ತು, ನಮಗೆ ನಾಳೆ." ಸ್ಮಾರ್ತರಿಗೆ ಒಂದು ದಿನ, ಮಾಧ್ವರಿಗೆ ಮರುದಿನ. ವರ್ಷದಲ್ಲಿ ಕೆಲವು ಸಲ ಪಂಚಾಂಗಗಳು ಹೀಗೆ ಬೇರೆಯಾಗುವುದು ಮಾಮೂಲು. ನಾನು ಎಷ್ಟೋ ಸಲ ಕೇಳಿ ನಕ್ಕಿದ್ದೆ.

ಈ ಸಲ ನಗಲಿಲ್ಲ. ಓಡಿಹೋಗಿ ಅತ್ತೆಯ ನಕ್ಷೆ ಬಿಡಿಸಿ, ಪಕ್ಕದಲ್ಲಿ ಗೋಡೆಯ ಕ್ಯಾಲೆಂಡರ್ ಇಟ್ಟುಕೊಂಡೆ. ಹಿಂದಿನ ಐದು ತಿಂಗಳಲ್ಲಿ ಎರ‌ಡು ಸಲ ಹೀಗೇ ಎರಡೆರಡು ಏಕಾದಶಿ ಬಿದ್ದಿದ್ದವು. ಎರಡು ಸಲವೂ ಕಣಿವೆ ಬಿದ್ದದ್ದು ಮಾಮಿಯ ಏಕಾದಶಿಯಂದಲ್ಲ, ನಮ್ಮದರಂದು! ಆಕಾಶದಲ್ಲಿ ಚಂದ್ರ ಒಬ್ಬನೇ. ಅವನಿಗೆ ಮಠವಿಲ್ಲ, ಮತವಿಲ್ಲ. ರೆಡ್‌ಹಿಲ್ಸ್‌ನ ಗದ್ದೆಯಲ್ಲಿ ಹುಟ್ಟಿದ ಏಡಿಗೆ ನಮ್ಮ ಮಠದ ಪಂಚಾಂಗ ಕೊಟ್ಟವರಾರು?

ಇಂಥ ವಾದ ಒಬ್ಬ ಚರ್ಚಾಪಟುವಿನ ಜೀವನದಲ್ಲಿ ಒಮ್ಮೆ ಸಿಗುತ್ತದೆ. ನಾನು ಕುಣಿಯುವುದೊಂದು ಬಾಕಿ.

ಏಕಾದಶಿ ಕಳೆದು ಮರುದಿನ ಬೆಳಿಗ್ಗೆ, ಅತ್ತೆ ಸ್ನಾನಕ್ಕೆ ಹೋದ ಹೊತ್ತು, ನಾನು ಮೆಟ್ಟಿಲ ಪಕ್ಕದ ಬಾಗಿಲ ಹಿಂದೆ ನಿಂತೆ. ದೇವರ ಮನೆಯ ಗಂಟೆ ನಿಂತಿತು. ಮಡಿಯುಟ್ಟ ಅಜ್ಜಿ ಬಾಳೆ ಎಲೆಯ ತುಂಡೊಂದನ್ನು ಹಿಡಿದು ಬಂದರು. ಅದರ ತುಂಬ ಅನ್ನ, ಜೊತೆಗೆ ಬೆಲ್ಲದ ಹೆಸರುಬೇಳೆ ಪಾಯಸ. ಟಬ್ಬಿಗೆ ಮೈ ತಾಗದಂತೆ ದೂರ ನಿಂತು, ಕಾಗೆಗೆ ಇಡುವವರ ಹಾಗೆ ಎತ್ತರದಿಂದ ತುತ್ತು ತುತ್ತಾಗಿ ಉದುರಿಸತೊಡಗಿದರು. "ತಿನ್ರಪ್ಪ, ತಿನ್ರಿ. ನಿನ್ನೆ ಎಲ್ರಿಗೂ ಉಪವಾಸ. ಇವತ್ತು ಪಾರಣೆ, ಸ್ವಲ್ಪ ಜಾಸ್ತಿ ಇದೆ."

ಶಿಖರದ ಗುಟ್ಟೂ ಬಯಲಾಯಿತು!

"ಅಜ್ಜೀ!"

ಅಜ್ಜಿ ಬೆಚ್ಚಿ, ತಕ್ಷಣ ಬೆರಳನ್ನು ತುಟಿಯ ಮೇಲಿಟ್ಟರು. "ಮೆಲ್ಲಗೆ! ಅವಳಿಗೆ ಕೇಳ್ಸೀತು."

"ಎಷ್ಟು ದಿನದಿಂದ ಹಾಕ್ತಿದೀರಿ?"

"ಬಂದ ದಿನದಿಂದ. ಅವಳು ಇವಕ್ಕೆ ಊಟ ಹಾಕೋದೇ ಮರೆತುಬಿಟ್ಟಿದಾಳೆ ಕಣೇ! ಮೂರು ಹೊತ್ತೂ ಲೆಕ್ಕ ಬರೀತಾಳೆ, ಒಂದು ಹೊತ್ತೂ ಅನ್ನ ಹಾಕಲ್ಲ. ಮೊದಲಿನಿಂದಲೂ ಮರೆವು ಅವಳಿಗೆ. ಹೇಳಿದ್ರೆ ನೊಂದ್ಕೋತಾಳೆ, ಇವು ಸತ್ತ್ರೆ ಇನ್ನೂ ನೊಂದ್ಕೋತಾಳೆ. ಅವಳ ಹೆಸರು ಬರೋ ಹೊತ್ತಲ್ವಾ? ಅದಕ್ಕೇ ನಾನೇ ಹಾಕಿ, ಅಗುಳು ಉಳಿದ್ರೆ ಕಡ್ಡೀಲಿ ತೆಗೆದುಬಿಡ್ತೀನಿ. ನೀನು ಬಾಯಿ ಬಿಡಬೇಡ, ನೋಡು."

ಕುಣಿಯಬೇಕೆಂದಿದ್ದ ಕಾಲು ಅಲ್ಲೇ ನಿಂತಿತು. ಅಂದು ಇಡೀ ದಿನ ನಾನು ಯಾರ ಜೊತೆಯೂ ವಾದ ಮಾಡಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿದರು.

ಮರುದಿನ ಬಸ್ ಸ್ಟಾಪಿನಲ್ಲಿ ಅತ್ತೆಗೆ ಹೇಳಿದೆ. ಎಲ್ಲ ಹೇಳಿದೆ, ಎರಡು ಪಂಚಾಂಗ, ಬಾಳೆ ಎಲೆ, ಪಾಯಸ. ಅವರು ಫ್ಲಾಸ್ಕನ್ನು ಎದೆಗೊತ್ತಿ ಹಿಡಿದು ಕೇಳುತ್ತಿದ್ದರು. ಎರಡು ಬಸ್ಸು ಬಂದು ಹೋದವು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ:

"ಅಂದಾಜು ಎಷ್ಟು ಗ್ರಾಂ ಇರಬಹುದು?"

ನನಗೆ ನಗು ಬರಬೇಕಿತ್ತು. ಬರಲಿಲ್ಲ.

"ಅತ್ತೆ, ಪುಸ್ತಿಕೆ ಅಚ್ಚಾಗಿಬಿಟ್ಟಿದೆ," ಎಂದೆ. ಇಷ್ಟು ದಿನ ಅವರ ಚಂದ್ರನನ್ನು ಒಪ್ಪದವಳು ಈಗ ಅವರ ಪರವಾಗಿ ವಾದಕ್ಕೆ ನಿಂತಿದ್ದೆ. "ಓದಿಬಿಡಿ. ಯಾರಿಗೆ ಗೊತ್ತಾಗತ್ತೆ? ಆಮೇಲೆ ಬೇರೆಯವರು ಮಾಡಿ ನೋಡ್ಲಿ, ತಪ್ಪು ಅನ್ಲಿ. ವಿಜ್ಞಾನದಲ್ಲಿ ದಿನಾ ಆಗೋದೇ ಅಲ್ವಾ?"

"ನನಗೆ ಗೊತ್ತಾಯ್ತಲ್ಲೇ."

ಅತ್ತೆ ಫ್ಲಾಸ್ಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಸ್ಸು ಬರುವ ದಾರಿ ನೋಡಿದರು.

"ನಮ್ಮಮ್ಮನಿಗೆ ಏನಾದ್ರೂ ಅಂದ್ಯಾ?"

"ಇಲ್ಲ."

"ಅನ್ಬೇಡ." ಬಸ್ಸು ಬಂತು. ಹತ್ತಿದರು.

ಅವರು ನನ್ನ ಮಾತನ್ನೂ ಸುಮ್ಮನೆ ನಂಬುವವರಲ್ಲ. ಹೊಸ ತಂಡವೊಂದನ್ನು ತಂದು, ತಾರಸಿಯ ಮೇಲೆ ಬೇಸಿಗೆಯಿಡೀ ಬರಿದಾಗಿ ಬಿದ್ದಿದ್ದ ನೀರಿನ ತೊಟ್ಟಿಯೊಳಗೆ ಟಬ್ಬು ಇಳಿಸಿ, ಮೇಲೆ ಜಾಲರಿ ಹಾಕಿ ಬೀಗ ಜಡಿದರು. ಮಂಡಿನೋವಿನ ಅಜ್ಜಿ ಅಲ್ಲಿಗೆ ಹತ್ತುವಂತಿರಲಿಲ್ಲ. "ಅವನ್ನ ಯಾಕೆ ಮೇಲಿಟ್ಟೆ? ನೆಗಡಿಯಾ?" ಎಂದು ಕೇಳಿದ ಅಜ್ಜಿಗೆ, "ಗಾಳಿ ಬದಲಾವಣೆ ಅಮ್ಮ" ಎಂದರು. ಕೆಳಗಿನ ಟಬ್ಬನ್ನು ಹಳೆಯ ಏಡಿಗಳ ಸಮೇತ ಅಲ್ಲೇ ಬಿಟ್ಟರು. ದಿನಾ ಬೆಳಿಗ್ಗೆ ಪೂಜೆಯ ಗಂಟೆ ನಿಂತ ಕೂಡಲೇ, ಅರ್ಧ ಬಕೆಟ್ಟು ನೀರಿನ ಕಾಲದಲ್ಲೂ, ಬಚ್ಚಲುಮನೆ ಸೇರಿ ಕಾಲುಗಂಟೆ ಹೊರಗೇ ಬರುತ್ತಿರಲಿಲ್ಲ. ಒಳಗೆ ನೀರಿನ ಸದ್ದೂ ಇರುತ್ತಿರಲಿಲ್ಲ. ಅಜ್ಜಿ ಆ ಹೊತ್ತಿಗೆ ತಮ್ಮ ಬಾಳೆ ಎಲೆ ಹಿಡಿದು ಹೋಗುತ್ತಿದ್ದರು.

ತೊಟ್ಟಿಯ ಏಡಿಗಳ ಗೆರೆ ಮುಂದಿನ ಏಕಾದಶಿಯನ್ನು ದಾಟಿತು. ಬೆಟ್ಟವಿಲ್ಲ, ಕಣಿವೆಯಿಲ್ಲ, ಮೆಲ್ಲಗೆ ಇಳಿದು ಆಮೇಲೆ ಸ್ಲೇಟಿನ ಅಂಚಿನ ಹಾಗೆ ನೇರ. ಅತ್ತೆ ಅದನ್ನು ಹಳೆಯ ನಕ್ಷೆಯ ಪಕ್ಕದಲ್ಲಿ ಅಂಟಿಸಿ, ಎರಡನ್ನೂ ಸುತ್ತಿ ಇಟ್ಟುಕೊಂಡರು.

ಸಭೆಯ ದಿನ ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಪ್ರೊಫೆಸರು ಮೊದಲನೆಯ ಸಾಲಿನಲ್ಲಿ. ಅಧ್ಯಕ್ಷರು ಅತ್ತೆಯ ಹೆಸರು ಕರೆದರು. ಅತ್ತೆ ಇಸ್ತ್ರಿ ಮಾಡಿದ ನೀಲಿ ಸೀರೆಯಲ್ಲಿ ವೇದಿಕೆ ಹತ್ತಿ, ಪುಸ್ತಿಕೆಯಲ್ಲಿ ಅಚ್ಚಾಗಿದ್ದ ಶೀರ್ಷಿಕೆಯನ್ನು ಓದಿ, ಇದು ತಪ್ಪು ಎಂದರು. ಆಮೇಲೆ ಎರಡು ನಕ್ಷೆಗಳನ್ನೂ ತೂಗುಹಾಕಿ, ತಿನ್ನದ ಏಡಿಗಳು ಎಂದು ತಾವು ತಿಳಿದಿದ್ದವು ತಿನ್ನುತ್ತಿದ್ದವು ಎಂಬುದನ್ನು, ಕಣಿವೆಗಳು ಯಾವ ಪಂಚಾಂಗದ ಯಾವ ದಿನ ಬಿದ್ದವು ಎಂಬುದನ್ನು, ಒಂದು ಅಂಕಿಯನ್ನೂ ಮುಚ್ಚಿಡದೆ ವಿವರಿಸಿದರು. ಏಕಾದಶಿಯ ಮಾತು ಬಂದಾಗ ಸಭೆಗೆ ಸಭೆಯೇ ನಕ್ಕಿತು. ಕುಹಕದ ನಗುವಲ್ಲ, ಆದರೂ ಅದು ನಗು. ಹದಿನೈದು ವರ್ಷ ಕಾದು ಪಡೆದ ಕಾಲುಗಂಟೆ ಅದು.

ಅಧ್ಯಕ್ಷರೂ ಕಣ್ಣೊರೆಸಿಕೊಳ್ಳುತ್ತಾ ಕೇಳಿದರು: "ಇರಲಿ, ಆ ಅನ್ನ ಹಾಕಿದ ಪುಣ್ಯಾತ್ಮರು ಯಾರು?"

"ನಾನೇ," ಎಂದರು ಅತ್ತೆ. "ಮರೆವು."

ಮತ್ತೊಂದು ಅಲೆ ನಗು. ಪ್ರೊಫೆಸರು ಪಕ್ಕದವರ ಕಡೆ ಬಾಗಿ, ನಾನು ಮೊದಲೇ ಹೇಳಿರಲಿಲ್ಲವೇ ಎಂಬಂತೆ ತಲೆಯಾಡಿಸಿದರು. ಜಿರಳೆಯ ವಿಷಯದಲ್ಲೂ ಸುಳ್ಳು ಹೇಳಲಾರದೆ ಮದುವೆ ಕಳೆದುಕೊಂಡವರು ಇನ್ನೂರು ಜನರ ಮುಂದೆ ಶುದ್ಧ ಸುಳ್ಳು ಹೇಳಿದ್ದರು. ಸಾಕ್ಷ್ಯವೆಲ್ಲ ನನ್ನ ಬಳಿ ಇತ್ತು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಅಧ್ಯಕ್ಷರು ಸಭೆಯತ್ತ ನೋಡಿದರು. ನಾನು ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಹೊಸ್ತಿಲಲ್ಲೇ ಕಾಯುತ್ತಿದ್ದರು.

"ಎಲ್ರೂ ಬಂದಿದ್ರೇನೇ?"

"ಬಂದಿದ್ರಮ್ಮ."

"ಹೆಸರು ಕರೆದ್ರಾ?"

"ಕರೆದ್ರು."

"ನಿನ್ನೊಬ್ಬಳದೇ?"

ಅತ್ತೆ ಗೋಡೆ ಹಿಡಿದು ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು.

"ಹೂಂ ಅಮ್ಮ. ನನ್ನೊಬ್ಬಳದೇ."

ಅಜ್ಜಿ ಸೆರಗಿನಿಂದ ಮಗಳ ಹಣೆಯ ಬೆವರು ಒರೆಸಿ, "ಕೈಕಾಲು ತೊಳ್ಕೊಂಡು ಬಾ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು," ಎಂದು ಒಳಗೆ ಎಲೆ ಹಾಕಲು ಹೋದರು.